ಒಂದೇ ತಾಣಕ್ಕೆ ಡಾಟ್ ಇನ್ ಮತ್ತು ಡಾಟ್ ಭಾರತ: ನಾನು ಮಾಡುವ ಕ್ರಮ

ಕನ್ನಡ ತಾಣ ಕಟ್ಟುವಾಗ ನಾನು ಎರಡು ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ತೆಗೆದುಕೊಳ್ಳುತ್ತೇನೆ. ಇಂಗ್ಲಿಷ್ ಅಕ್ಷರಗಳ ಡಾಟ್ ಇನ್ ಒಂದು, ಕನ್ನಡ ಅಕ್ಷರಗಳ ಡಾಟ್ ಭಾರತ ಇನ್ನೊಂದು. ಎರಡನ್ನೂ ನಡೆಸುವುದು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ. ಕೊಳ್ಳಬೇಕಾದದ್ದು ಅದರ ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳಿಂದ, ಅಂದರೆ ಹೆಸರು ನೋಂದಾಯಿಸಿ ಕೊಡುವ ಸಂಸ್ಥೆಗಳಿಂದ. ಡಾಟ್ ಭಾರತವನ್ನು ಎಲ್ಲ ರಿಜಿಸ್ಟ್ರಾರ್‌ಗಳೂ ಮಾರುವುದಿಲ್ಲ. ಎರಡೂ ಒಂದೇ ಕಡೆ ಸಿಗುವಂತೆ ನೋಡಿಕೊಂಡರೆ ನವೀಕರಣ ಸುಲಭ.

ಕೊಳ್ಳುವುದು ಎಂದರೂ ನಿಜದಲ್ಲಿ ಇದು ಬಾಡಿಗೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಕಟ್ಟಬಹುದು. ಮೊದಲ ವರ್ಷದ ಅಗ್ಗದ ದರ ನೋಡಿ ಆರಿಸಬೇಡಿ, ನವೀಕರಣದ ದರ ನೋಡಿ. ಖಾತೆ ತಾಣದ ಒಡೆಯರ ಹೆಸರಿನಲ್ಲೇ ಇರಬೇಕು, ತಾಣ ಕಟ್ಟಿಕೊಡುವವರ ಹೆಸರಿನಲ್ಲಿ ಬೇಡವೇ ಬೇಡ. ನಾನು ಒಡೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಖಾತೆ ತೆರೆಯುತ್ತೇನೆ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಅವಧಿ ಮುಗಿದು ಡೊಮೇನ್ ನಿಂತರೆ ಆ ಇಮೇಲೂ ನಿಲ್ಲುತ್ತದೆ, ಎಚ್ಚರಿಕೆಯ ಪತ್ರವಾಗಲಿ ಪಾಸ್‌ವರ್ಡ್ ಬದಲಿಸುವ ಕೊಂಡಿಯಾಗಲಿ ಕೈಗೆ ಬರುವುದಿಲ್ಲ.

ಕನ್ನಡ ಹೆಸರು ಆರಿಸುವಾಗ ಹೆಚ್ಚು ಹೊತ್ತು ಕೊಡಿ. ಹೆಸರನ್ನು ಸರ್ವರಿನ ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಹೆಸರುಗಳು ಓಡಾಡುವುದು ಇಂಗ್ಲಿಷಿನ 26 ಅಕ್ಷರ, ಅಂಕಿ ಮತ್ತು ಅಡ್ಡಗೆರೆಯಲ್ಲಿ. ಹಾಗಾಗಿ ಕನ್ನಡ ಹೆಸರನ್ನು ಪ್ಯೂನಿಕೋಡ್ ಎಂಬ ರೂಪಕ್ಕೆ ತಿರುಗಿಸುತ್ತಾರೆ. ಅದು ಎಕ್ಸ್ ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುತ್ತದೆ. ಚುಕ್ಕೆಗಳ ನಡುವಿನ ಒಂದು ಭಾಗಕ್ಕೆ 63 ಅಕ್ಷರಗಳ ಮಿತಿಯಿದೆ, ಅದು ಲೆಕ್ಕಕ್ಕೆ ಬರುವುದು ಈ ರೂಪದಲ್ಲಿ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂರುತ್ತದೆ, ಒತ್ತಕ್ಷರವಾಗದಂತೆ ತಡೆಯುವುದಕ್ಕೆ. ಇಂಗ್ಲಿಷೇತರ ಡೊಮೇನ್ ಹೆಸರುಗಳ 2003ರ ಹಳೆಯ ನಿಯಮ ಅದನ್ನು ಕಿತ್ತುಹಾಕುತ್ತದೆ, 2008ರ ನಿಯಮ ಇಂಥ ಜಾಗದಲ್ಲಿ ಉಳಿಸಿಕೊಳ್ಳುತ್ತದೆ. ಒಂದೇ ಹೆಸರು ಎರಡು ತಂತ್ರಾಂಶಗಳಲ್ಲಿ ಎರಡು ವಿಳಾಸವಾಗುವ ಅಪಾಯ ಇದರಿಂದ. ಇಂಥ ಪದ ಬಿಟ್ಟು, 'ಪುಸ್ತಕಮನೆ'ಯ ಹಾಗೆ ಒತ್ತಕ್ಷರ ಸಹಜವಾಗಿ ಕೂಡುವ ಪದ ಆರಿಸುತ್ತೇನೆ. ಅನುಸ್ವಾರ ಇರಬೇಕಾದಲ್ಲಿ ಕನ್ನಡದ ಸೊನ್ನೆ ಒತ್ತಿಬಿಡುವುದೂ ಉಂಟು, ಕಣ್ಣಿಗೆ ಎರಡೂ ಒಂದೇ. ಹಣ ಕಟ್ಟುವ ಮುಂಚೆ ಹೆಸರನ್ನು ಇನ್ನೊಬ್ಬರ ಫೋನಿನಲ್ಲಿ, ಬೇರೆ ಕೀಬೋರ್ಡಿನಲ್ಲಿ ಬರೆಸಿ, ಎರಡರ ಪ್ಯೂನಿಕೋಡ್ ಹೋಲಿಸಿ ನೋಡಿ.

ಹೆಸರು ನೋಂದಣಿಯಾದ ಮೇಲೆ ನೇಮ್‌ಸರ್ವರ್ ಕೆಲಸ. ಡೊಮೇನಿನ ರೆಕಾರ್ಡ್‌ಗಳನ್ನು, ಅಂದರೆ ಯಾವ ಹೆಸರು ಎಲ್ಲಿಗೆ ಎಂಬ ನಮೂದುಗಳನ್ನು, ಇಟ್ಟುಕೊಂಡು ಉತ್ತರ ಕೊಡುವ ಸರ್ವರ್ ಇದು. ಬ್ರೌಸರ್ ಕೇಳಿದ ಪ್ರಶ್ನೆಯನ್ನು ರಿಸಾಲ್ವರ್, ಅಂದರೆ ಹೆಸರಿನ ವಿಳಾಸ ಹುಡುಕಿಕೊಡುವ ಸರ್ವರ್, ಮೊದಲು ಡಿಎನ್‌ಎಸ್‌ನ ತುದಿಯಲ್ಲಿರುವ ರೂಟ್‌ಗೆ, ಅಲ್ಲಿಂದ ಡಾಟ್ ಇನ್ ಸರ್ವರ್‌ಗೆ, ಕೊನೆಗೆ ನೀವು ಕೊಟ್ಟ ನೇಮ್‌ಸರ್ವರ್‌ಗೆ ಒಯ್ಯುತ್ತದೆ. ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಬರಿಯ ಹೆಸರಿಗೆ ಎ ರೆಕಾರ್ಡ್ ಹಾಕಿ, ತಾಣ ಇಟ್ಟಿರುವ ಹೋಸ್ಟಿಂಗ್‌ನ ಐಪಿ (ಅಂಕಿಯ ವಿಳಾಸ) ಕೊಡುತ್ತೇನೆ, ಡಬ್ಲ್ಯೂಡಬ್ಲ್ಯೂಡಬ್ಲ್ಯೂಗೆ ಸಿನೇಮ್, ಅಂದರೆ ಇನ್ನೊಂದು ಹೆಸರಿನತ್ತ ತೋರಿಸುವ ರೆಕಾರ್ಡ್. ಬರಿಯ ಹೆಸರಿಗೆ ಸಿನೇಮ್ ಹಾಕಬಾರದು. ಸಿನೇಮ್ ಇರುವ ಹೆಸರಿನಲ್ಲಿ ಬೇರೆ ರೆಕಾರ್ಡ್ ಇರಕೂಡದೆಂಬುದು ನಿಯಮ, ಆದರೆ ಅಲ್ಲಿ ನೇಮ್‌ಸರ್ವರ್ ಯಾವುದೆಂದು ಹೇಳುವ ಎನ್‌ಎಸ್ ಮತ್ತು ಡೊಮೇನಿನ ಆಡಳಿತದ ವಿವರವಿರುವ ಎಸ್‌ಒಎ ರೆಕಾರ್ಡ್‌ಗಳು ಇದ್ದೇ ಇರುತ್ತವೆ. ರೆಕಾರ್ಡ್ ಹಾಕುವ ಮೊದಲೇ ಬ್ರೌಸರಿನಲ್ಲಿ ಹೆಸರು ಒತ್ತಿ ಪರೀಕ್ಷಿಸಬೇಡಿ. 'ಇಲ್ಲ' ಎಂಬ ಉತ್ತರವನ್ನೂ ರಿಸಾಲ್ವರ್ ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುತ್ತದೆ.

ಡಾಟ್ ಭಾರತವನ್ನು ಡಾಟ್ ಇನ್‌ಗೆ 301 ರೀಡೈರೆಕ್ಟ್, ಅಂದರೆ ಕಾಯಂ ತಿರುವು, ಮಾಡುತ್ತೇನೆ. ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಪ್ರಮಾಣಪತ್ರದಲ್ಲಿ ಎರಡೂ ಹೆಸರು ಇರಬೇಕು, ಕನ್ನಡದ್ದನ್ನು ಪ್ಯೂನಿಕೋಡ್ ರೂಪದಲ್ಲೇ ಕೊಡಬೇಕು. ಪ್ರಮಾಣಪತ್ರ ಇಲ್ಲದಿದ್ದರೆ ರೀಡೈರೆಕ್ಟ್ ಆಗುವ ಮೊದಲೇ ಬ್ರೌಸರ್ ಎಚ್ಚರಿಕೆ ತೋರಿಸಿ ನಿಲ್ಲುತ್ತದೆ. ಇಮೇಲ್ ಮಾತ್ರ ಡಾಟ್ ಇನ್‌ನಲ್ಲಿರಲಿ: ಕನ್ನಡ ಅಕ್ಷರದ ಇಮೇಲ್ ವಿಳಾಸವನ್ನು ಒಪ್ಪದ ಫಾರಂಗಳು, ಮೇಲ್ ಸರ್ವರ್‌ಗಳು ಇನ್ನೂ ಬಹಳ ಇವೆ.

ನವೀಕರಣದಲ್ಲಿ ಕಾರ್ಡಿನ ತಾನಾಗಿ ಪಾವತಿಯನ್ನು ನಾನು ನಂಬುವುದಿಲ್ಲ. 2021ರ ಅಕ್ಟೋಬರ್‌ನಿಂದ ಇಂಥ ಪಾವತಿಗೆ ಕಾರ್ಡುದಾರರ ಮುಂಗಡ ಒಪ್ಪಿಗೆ ಕೇಳುವ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಯಲ್ಲಿದೆ. ಅದಕ್ಕೆ ಹೊಂದಿಕೊಳ್ಳದ ಹೊರದೇಶದ ರಿಜಿಸ್ಟ್ರಾರ್‌ಗಳಲ್ಲಿ ಭಾರತದ ಕಾರ್ಡಿನಿಂದ ಹಣ ಕಡಿತವಾಗದೆ ಹೋಗುತ್ತದೆ. ಕೈಯಾರೆ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಅವಧಿ ಮುಗಿಯುವುದಕ್ಕೆ ಒಂದು ತಿಂಗಳ ಮೊದಲಿನ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ.

ನೇಮ್‌ಸರ್ವರ್ ಬದಲಿಸುವಾಗ ಅವಸರ ಬೇಡ. ಹಳೆಯ ಕಡೆಯ ಎಲ್ಲ ರೆಕಾರ್ಡ್‌ಗಳನ್ನು, ಮುಖ್ಯವಾಗಿ ಇಮೇಲ್ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ಮತ್ತು ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಇಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್‌ನ ಟಿಎಕ್ಸ್‌ಟಿಯನ್ನು, ಮೊದಲೇ ಹೊಸ ಕಡೆ ಬರೆದಿಡಿ. ಹಳೆಯ ನೇಮ್‌ಸರ್ವರ್ ಕನಿಷ್ಠ ಎರಡು ದಿನ ನಡೆಯುತ್ತಿರಲಿ, ಹಳೆಯ ಉತ್ತರ ನೆನಪಿಟ್ಟ ರಿಸಾಲ್ವರ್‌ಗಳು ಅಲ್ಲಿಗೇ ಬರುತ್ತಿರುತ್ತವೆ. ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕುವ ಡಿಎನ್‌ಎಸ್‌ಸೆಕ್ ಇದ್ದರೆ ಮೊದಲು ರಿಜಿಸ್ಟ್ರಾರ್ ಬಳಿ, ಆ ಸಹಿಯ ಕೀಲಿಯನ್ನು ಗುರುತಿಸುವ ಡಿಎಸ್ ರೆಕಾರ್ಡ್ ತೆಗೆಸಿ, ಅದರ ಟಿಟಿಎಲ್ (ರಿಸಾಲ್ವರ್ ಅದನ್ನು ನೆನಪಿಡುವ ಕಾಲ) ಕಳೆಯುವವರೆಗೆ ಕಾಯಿರಿ. ಹಳೆಯ ಡಿಎಸ್ ಉಳಿದಿದ್ದು ಸಹಿ ಹೊಂದದಿದ್ದರೆ, ಸಹಿ ಪರೀಕ್ಷಿಸುವ ರಿಸಾಲ್ವರ್‌ಗಳಿಗೆ ತಾಣ ಪೂರ್ತಿ ಕಾಣೆಯಾಗುತ್ತದೆ, ಉಳಿದವರಿಗೆ ಸರಿಯಾಗೇ ತೆರೆಯುತ್ತದೆ. 'ನನಗೆ ಬರುತ್ತಿದೆ, ಅವರಿಗೆ ಬರುತ್ತಿಲ್ಲ' ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಇದನ್ನೇ.