ಸಲಾಲಾದಲ್ಲಿ ಸಂಸಾರ ಹೂಡಲು ಹೊರಟ ನಮ್ಮ ಸೀಮೆಯವರಿಗೆ

ಒಮಾನ್ ದೇಶದ ದಕ್ಷಿಣಕ್ಕಿರುವ ಸಲಾಲಾದಲ್ಲಿ ಹಲವು ವರ್ಷ ಸಂಸಾರ ಮಾಡಿ ಈಗ ಸೇಡಂಗೆ ಮರಳಿದ್ದೇನೆ. ನಮ್ಮ ಯಜಮಾನರು ಅಲ್ಲಿನ ಬಂದರಿನಲ್ಲಿ ಕೆಲಸಕ್ಕಿದ್ದರು. ಚಿತ್ತಾಪುರ, ಆಳಂದ, ಯಾದಗಿರಿ ಕಡೆಯಿಂದ ಅಲ್ಲಿಗೆ ಹೊರಟವರು ಬಂದು, “ಅಕ್ಕಾ, ಏನೇನು ಕಟ್ಟಿಕೊಳ್ಳಬೇಕು?” ಎಂದು ಕೇಳುತ್ತಾರೆ. ಪೆಟ್ಟಿಗೆ ಕಟ್ಟುವ ಮಾತು ಆಮೇಲೆ. ನಾವು ಒಣನೆಲದವರು. ಕಾಳು ಕೂಡಿಡುವುದು, ರೊಟ್ಟಿ ಒಣಗಿಸುವುದು, ಬಟ್ಟೆ ಮಡಚಿಡುವುದು ಎಲ್ಲವನ್ನೂ ಒಣಗಾಳಿಯನ್ನು ನಂಬಿ ಕಲಿತಿದ್ದೇವೆ. ಕಡಲ ದಂಡೆಯ ಊರಿನಲ್ಲಿ ಆ ಗಾಳಿ ಸಿಗುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ.

ಕಾಗದಪತ್ರಗಳನ್ನು ಊರು ಬಿಡುವ ಮೊದಲೇ ಮುಗಿಸಿ. ಹತ್ತನೆಯ ತರಗತಿ ಪಾಸಾಗದವರು ಒಮಾನ್‌ಗೆ ದುಡಿಯಲು ಹೋಗಬೇಕಾದರೆ ಸಾಮಾನ್ಯವಾಗಿ ಕೇಂದ್ರ ಸರ್ಕಾರದ ವಲಸೆ ಅನುಮತಿ ಬೇಕು. ಈ ಅನುಮತಿ ಕೊಡುವ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟನ ನೋಂದಣಿ ನಿಜವೇ ಎಂದು ನೋಡಿ. ನೋಂದಾಯಿತ ಏಜೆಂಟ್ ಸೇವಾಶುಲ್ಕವೆಂದು ಪಡೆಯಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ. ಹೊಲ ಒತ್ತೆಯಿಟ್ಟು ಲಕ್ಷಗಟ್ಟಲೆ ಕೊಟ್ಟು ಹೋಗುವವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. “ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಕೆಲಸ ಹಿಡಿ” ಎನ್ನುವವನನ್ನು ಬಾಗಿಲಿನಿಂದಲೇ ಕಳಿಸಿ. ವಲಸೆ ಅನುಮತಿಯ ಜೊತೆಗೆ ಮಾಡಿಸುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿಯ ರಕ್ಷಣೆ ಇದೆ. ಆ ವಿಮೆ ಕಾಗದದ ಒಂದು ನಕಲನ್ನು ಮನೆಯಲ್ಲಿ ಹಿರಿಯರ ಕೈಗೆ ಕೊಟ್ಟು ಹೋಗಿ.

ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವವರಿಗೆ ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳು ಬೇಕು. ನಮ್ಮ ಕಡೆ ಗುಡಿಯಲ್ಲೋ ಮನೆಯ ಅಂಗಳದಲ್ಲೋ ಮದುವೆಯಾಗಿ ನೋಂದಣಿ ಮಾಡಿಸದವರೇ ಬಹಳ. ಉಪನೋಂದಣಾಧಿಕಾರಿ ಕಚೇರಿಗೆ ಈಗಲೇ ಹೋಗಿ ಬನ್ನಿ. ಅವಕ್ಕೆ ರಾಜ್ಯದ ದೃಢೀಕರಣ, ಆಮೇಲೆ ಹೊರದೇಶದಲ್ಲಿ ಕಾಗದ ಒಪ್ಪಲೆಂದು ವಿದೇಶಾಂಗ ಸಚಿವಾಲಯ ಹಾಕುವ ಅಪಾಸ್ಟಿಲ್ ಮುದ್ರೆ ಆಗಬೇಕು. ಒಂದು ಕಾಗದದಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು, ಮತ್ತೊಂದರಲ್ಲಿ ಅಡ್ಡಹೆಸರು ಇದ್ದರೆ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಒಂದೇ ಮಾಡಿಸಿ. ಸಮುದ್ರ ದಾಟಿದ ಮೇಲೆ ಇದನ್ನು ತಿದ್ದಿಸುವುದು ಬಹಳ ಕಷ್ಟ.

ಇನ್ನು ಮನೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸಲಾಲಾದಲ್ಲಿ ಖರೀಫ್ ಕಾಲ. ನೈರುತ್ಯ ಮಾರುತದ ಹೊಡೆತಕ್ಕೆ ಕಡಲಾಳದ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲೆ ಹಾಯ್ದ ತೇವದ ಗಾಳಿ ಮಂಜಾಗಿ ದೋಫಾರ್ ಬೆಟ್ಟಗಳಿಗೆ ತಡೆದು ಜಿನುಗುತ್ತದೆ. ಮಸ್ಕತ್ ಕಾದ ಹಂಚಾಗಿರುವಾಗ ಸಲಾಲಾ ತಂಪಾಗಿ ಹಸಿರಾಗಿರುತ್ತದೆ. ಕೊಲ್ಲಿ ದೇಶಗಳ ಪ್ರವಾಸಿಗರು ಅದನ್ನು ನೋಡಲು ಮುಗಿಬೀಳುವುದರಿಂದ ಬಾಡಿಗೆ ಏರುತ್ತದೆ. ಆದ್ದರಿಂದ ಖರೀಫ್ ಮುಗಿದ ಮೇಲೆ ಮನೆ ಹುಡುಕಿ, ಇಡೀ ವರ್ಷದ ಕರಾರು ಮಾಡಿಕೊಳ್ಳಿ, ಅದನ್ನು ನಗರಸಭೆಯಲ್ಲಿ ನೋಂದಾಯಿಸಿ. ಆಗ ನೋಡಿದರೆ ಮನೆಯ ನಿಜರೂಪವೂ ತಿಳಿಯುತ್ತದೆ: ಕಪಾಟಿನ ಹಿಂದೆ, ಬಚ್ಚಲಿನ ಮೂಲೆಯಲ್ಲಿ, ಛಾವಣಿಯಲ್ಲಿ ಬೂಷ್ಟಿನ ಕಲೆ ಇದ್ದರೆ ಅದು ಮುಂದಿನ ವರ್ಷವೂ ಬರುತ್ತದೆ. ಹೊಸ ಸುಣ್ಣಬಣ್ಣ ಕಂಡರೆ ಮೂಗಿನಿಂದ ಪರೀಕ್ಷಿಸಿ. ಕಡಲು ಕಾಣುವ ಬಾಲ್ಕನಿಗೆ ಆಸೆಪಡಬೇಡಿ. ಉಪ್ಪುಗಾಳಿ ಕಿಟಕಿಯ ಕೊಂಡಿ, ಎಸಿಯ ಹೊರಪೆಟ್ಟಿಗೆ, ಹೊಲಿಗೆಯಂತ್ರ ಎಲ್ಲವನ್ನೂ ತಿನ್ನುತ್ತದೆ. ದಂಡೆಯಿಂದ ಒಳಗಿರುವ, ಸಾದಾ ಎಂಬ ಹೆಸರಿನದರಂಥ ಬಡಾವಣೆ ಸಂಸಾರಸ್ಥರಿಗೆ ಮೇಲು ಎಂದು ನನ್ನ ಅಭಿಪ್ರಾಯ.

ಕಪಾಟುಗಳನ್ನು ಗೋಡೆಯಿಂದ ಗೇಣು ದೂರ ಇಡಿ. ಇಳಕಲ್ ಸೀರೆಗಳನ್ನು ಆಗಾಗ ಬಿಡಿಸಿ ಗಾಳಿಗೆ ಹಾಕಿ. ಎಸಿಯನ್ನು ತೇವ ಎಳೆಯುವ ಡ್ರೈ ಕ್ರಮದಲ್ಲಿ ಸ್ವಲ್ಪ ಹೊತ್ತು ಓಡಿಸಿ. ಪ್ರಮಾಣಪತ್ರಗಳಿಗೆ ಗಾಳಿಯಾಡದ ಡಬ್ಬಿ ಇರಲಿ.

ಈಗ ರೊಟ್ಟಿ. ಊರಿನಿಂದ ಸಜ್ಜೆಯ ಕಟಿ ರೊಟ್ಟಿ ಒಯ್ಯುವವರು ಚಳಿಗಾಲಕ್ಕೆ ಒಯ್ಯಿರಿ. ನಮ್ಮಲ್ಲಿ ತಿಂಗಳುಗಟ್ಟಲೆ ಬುಟ್ಟಿಯಲ್ಲಿ ಉಳಿಯುವುದು ಖರೀಫ್‌ನಲ್ಲಿ ಬೇಗ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಜೋಳದ ಹಿಟ್ಟಿಗೆ ಭಾರತೀಯ ಅಂಗಡಿಗಳಲ್ಲಿ ವಿಚಾರಿಸಿ, ಪೊಟ್ಟಣದ ಮೇಲಿನ ತಾರೀಖು ನೋಡದೆ ಕೊಳ್ಳಬೇಡಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ತಂದದ್ದನ್ನು ಫ್ರೀಜರ್‌ನಲ್ಲಿಡಿ. ಕುದಿಯುವ ನೀರನ್ನು ಹಾಕಿ ಮುಚ್ಚಿಟ್ಟು, ಕೈಗೆ ತಾಳುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿದರೆ ಸೊರಗಿದ ಹಿಟ್ಟೂ ಮಾತು ಕೇಳುತ್ತದೆ. ಕಬ್ಬಿಣದ ಹಂಚನ್ನು ತೊಳೆದು ಬಿಡಬೇಡಿ. ಒಲೆಯ ಮೇಲೆ ಕಾಯಿಸಿ, ಎಣ್ಣೆ ಸವರಿ ಇಡಿ. ಊರಿನಿಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ಯಿರಿ, ನಮ್ಮ ತೊಗರಿ ಬೇಳೆಯನ್ನೂ ಒಯ್ಯಿರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಬೇಳೆ ಅದು, ಅದರ ರುಚಿ ಬೇರೆ ಬೇಳೆಗೆ ಬರುವುದಿಲ್ಲ. ಹುಗ್ಗಿಗೆಂದು ಗಸಗಸೆ ಮಾತ್ರ ಕಟ್ಟಿಕೊಳ್ಳಬೇಡಿ. ಯುಎಇ, ಸೌದಿಯಲ್ಲಿ ಅದಕ್ಕೆ ನಿಷೇಧವಿದೆ. ದಾರಿಯಲ್ಲಿ ವಿಮಾನ ಬದಲಿಸುವಾಗಲೂ ಸಿಕ್ಕಿಬೀಳಬಹುದು. ಔಷಧಿಗಳ ಜೊತೆ ವೈದ್ಯರ ಚೀಟಿ ಇರಲೇಬೇಕು.

ಮಾತಿಗೆ ಅಂಜಬೇಡಿ. ಕಲಬುರಗಿಯ ಬಜಾರಿನಲ್ಲಿ ಕೇಳಿ ಬೆಳೆದ ದಖನಿ ಉರ್ದು ಅಲ್ಲಿನ ಅಂಗಡಿ, ಟ್ಯಾಕ್ಸಿಯಲ್ಲಿ ಕೈಹಿಡಿಯುತ್ತದೆ. ನೆರೆಹೊರೆಯಲ್ಲಿ ಮಲಯಾಳಿಗಳು ಬಹಳ; ನಮ್ಮ ಪಕ್ಕದ ಮನೆಯ ಚೇಚಿ (ಅವರ ಮಾತಿನಲ್ಲಿ ಅಕ್ಕ) ಮೀನು ಆರಿಸುವುದು ಕಲಿಸಿದರು, ನಾನು ಎಣ್ಣೆಗಾಯಿ ಕಲಿಸಿದೆ. ಗಂಡ ದುಡಿಯಲು ಹೋದ ಮೇಲೆ ಹೆಣ್ಣುಮಕ್ಕಳು ನಾಲ್ಕು ಗೋಡೆಯೊಳಗೆ ಕೂತು ಕೊರಗಬಾರದು. ಇಂಡಿಯನ್ ಸೋಶಿಯಲ್ ಕ್ಲಬ್‌ನಲ್ಲಿ ಕನ್ನಡದವರನ್ನು ಕೇಳಿ, ಬಂದ ಮೊದಲ ಶುಕ್ರವಾರವೇ ಹೋಗಿ ಪರಿಚಯ ಮಾಡಿಕೊಳ್ಳಿ. ಶುಕ್ರವಾರ, ಶನಿವಾರ ಅಲ್ಲಿ ವಾರದ ರಜೆ.

ಕಡಲಿನ ವಿಷಯದಲ್ಲಿ ನನ್ನ ಮಾತನ್ನು ತೆಗೆದುಹಾಕಬೇಡಿ. ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಖರೀಫ್‌ನ ಅಲೆಯ ಬಲ ಗೊತ್ತಿರುವುದಿಲ್ಲ. 2022ರ ಜುಲೈಯಲ್ಲಿ ಸಲಾಲಾ ಹತ್ತಿರದ ಮುಗ್ಸೈಲ್ ದಂಡೆಯಲ್ಲಿ ತಡೆಬೇಲಿ ದಾಟಿ ನಿಂತವರನ್ನು ಅಲೆ ಎಳೆದುಕೊಂಡು ಹೋಯಿತು. ಅವರಲ್ಲಿ ಭಾರತೀಯರಿದ್ದರು, ಮಕ್ಕಳೂ ಇದ್ದರು. ಬೇಲಿಯ ಈಚೆ ನಿಂತು ನೋಡಿ, ಮಕ್ಕಳ ಕೈ ಬಿಡಬೇಡಿ. 2018ರ ಮೇ ತಿಂಗಳಲ್ಲಿ ಮೆಕುನು ಚಂಡಮಾರುತ ಸಲಾಲಾವನ್ನು ಹೊಡೆದಿತ್ತು. ಹವಾಮಾನದ ಎಚ್ಚರಿಕೆ ಬಂದರೆ ಕುಡಿಯುವ ನೀರು ತುಂಬಿಡಿ, ಒಣಹಳ್ಳಗಳನ್ನು ದಾಟಲು ಹೋಗಬೇಡಿ. ತುರ್ತು ಕರೆಗೆ 9999.

ಬ್ಯಾಂಕಿಗೆ ತಿಳಿಸಿ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿರುವವರ ಊರಿನ ಆದಾಯದ ಖಾತೆ) ಮಾಡಿಸಿ. ದುಡಿದ ಹಣ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ. ವಾಟ್ಸಾಪ್ ಕರೆಯೊಂದನ್ನೇ ನೆಚ್ಚದೆ ಗೂಗಲ್ ಮೀಟ್‌ನಂಥ ಬೇರೆ ದಾರಿಯನ್ನೂ ಅವ್ವನ ಮೊಬೈಲ್‌ಗೆ ಹಾಕಿ, ಒತ್ತುವುದು ಹೇಗೆಂದು ತೋರಿಸಿ ಹೋಗಿ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ರಾತ್ರಿ ಊಟ ಮುಗಿಸಿ ಕರೆ ಮಾಡುವಷ್ಟರಲ್ಲಿ ಅವರು ಮಲಗಿರುತ್ತಾರೆ, ಸಂಜೆಯೇ ಮಾಡಿ. ರಜೆಗೆ ಬಂದವರು ಆರು ತಿಂಗಳಿಗೂ ಹೆಚ್ಚು ಒಮಾನ್‌ನ ಹೊರಗೆ ಉಳಿದರೆ ನಿವಾಸದ ಪರವಾನಗಿ ರದ್ದಾಗುತ್ತದೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಈ ಲೆಕ್ಕ ಹಾಕಿಯೇ ಟಿಕೆಟ್ ತೆಗೆಸಲಿ.