ಆವಿ ತೆಳುವಾದರೆ ಮೊದಲು ನೋಡಬೇಕಾದ್ದು ಹತ್ತಿ: ಆರ್‌ಟಿಎ ಕಟ್ಟುವ ನನ್ನ ಕ್ರಮ

ಆರ್‌ಟಿಎ ಅಂದರೆ ಇ-ಸಿಗರೇಟಿನಲ್ಲಿ ದ್ರವವನ್ನು ಆವಿ ಮಾಡುವ ಭಾಗ (ಆಟಮೈಸರ್). ಅದರ ಕಾಯಿಲನ್ನೂ (ಬಿಸಿಯಾಗುವ ತಂತಿಸುರುಳಿ), ಕಾಯಿಲಿಗೆ ಟ್ಯಾಂಕಿನಿಂದ ದ್ರವ ಎಳೆಯುವ ಹತ್ತಿಯನ್ನೂ ನಾವೇ ಕಟ್ಟಿಕೊಳ್ಳುತ್ತೇವೆ. ಆವಿ ಸಾಲುತ್ತಿಲ್ಲ, ರುಚಿ ಮಂಕಾಗಿದೆ ಅನ್ನಿಸಿದ ಕೂಡಲೇ ಬಹುತೇಕರ ಬೆರಳು ಹೋಗುವುದು ವ್ಯಾಟ್ ಏರಿಸುವ ಬಟನ್ ಮೇಲೆ. ಇಪ್ಪತ್ತೈದು ಇದ್ದದ್ದು ಮೂವತ್ತೈದಾಗುತ್ತದೆ, ಎರಡು ದಮ್ ಚೆನ್ನಾಗಿ ಬರುತ್ತದೆ, ಮೂರನೆಯದಕ್ಕೆ ಗಂಟಲಲ್ಲಿ ಸೀದ ಹತ್ತಿಯ ಕಹಿ. ಕಾಯಿಲ್ ಎಷ್ಟೇ ಬಿಸಿಯಾಗಲಿ, ಅದರ ಮೈಗೆ ದ್ರವ ತಲುಪದೆ ಆವಿ ಹುಟ್ಟುವುದಿಲ್ಲ. ಎಣ್ಣೆ ಎಳೆಯದ ದೀಪದಲ್ಲಿ ಬತ್ತಿಯೇ ಉರಿದು ಕರಕಾಗುವಂತೆ ಇಲ್ಲೂ ಹತ್ತಿಯೇ ಸುಡುತ್ತದೆ. ಅದಕ್ಕೇ ನಾನು ಪರೀಕ್ಷಿಸುವ ಅನುಕ್ರಮ ಹೀಗೆ: ಹತ್ತಿ, ಗಾಳಿ, ದ್ರವ, ಕಾಯಿಲ್. ವ್ಯಾಟ್ ಕಟ್ಟಕಡೆಗೆ.

ಇದು ಬ್ರಿಟನ್ನಿನಲ್ಲಿ, ಅಲ್ಲಿನ ಕಾನೂನಿನ ಚೌಕಟ್ಟಿನಲ್ಲಿ ಮಾಡುವ ಕೆಲಸ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧವಾಯಿತು. 2019ರ ಕೇಂದ್ರ ಕಾಯ್ದೆ ಇಡೀ ದೇಶದಲ್ಲಿ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲವನ್ನೂ ನಿಲ್ಲಿಸಿತು. ಹಾಗಾಗಿ ಊರಿನಲ್ಲಿರುವವರು ಸಾಮಾನು ತರಿಸಿ ಕಟ್ಟಲಿ ಎಂದು ಇದನ್ನು ಬರೆದಿಲ್ಲ. ಈ ಅಭ್ಯಾಸಕ್ಕೆ ಏನಾದರೂ ಸಮರ್ಥನೆ ಇದ್ದರೆ ಅದು ಸಿಗರೇಟು ಬಿಟ್ಟವರಿಗೆ ಮಾತ್ರ. ಸೇದದೇ ಇದ್ದವರು ಶುರುಮಾಡಲು ಯಾವ ಕಾರಣವೂ ಇಲ್ಲ.

ಬ್ರಿಟನ್ನಿನಲ್ಲಿ ಟ್ಯಾಂಕಿನ ಗಾತ್ರ 2 ಮಿ.ಲೀ. ಮೀರುವಂತಿಲ್ಲ, ನಿಕೋಟಿನ್ ದ್ರವ 20 ಮಿ.ಗ್ರಾಂ./ಮಿ.ಲೀ. ದಾಟುವಂತಿಲ್ಲ, ಅದರ ಬಾಟಲಿ 10 ಮಿ.ಲೀ.ಗಿಂತ ದೊಡ್ಡದಿರುವಂತಿಲ್ಲ. ಇಷ್ಟು ಚಿಕ್ಕ ಟ್ಯಾಂಕಿನಲ್ಲಿ ಜೋಡಿ ಕಾಯಿಲ್ ಹಾಕಿ 70 ವ್ಯಾಟ್ ಓಡಿಸುವುದು ಅರ್ಥವಿಲ್ಲದ ಕೆಲಸ. ದಿನವಿಡೀ ತುಂಬುತ್ತಲೇ ಕೂರಬೇಕಾಗುತ್ತದೆ. ನನಗೆ ಒಪ್ಪಿದ್ದು ಒಂಟಿ ಕಾಯಿಲಿನ, 22ರಿಂದ 24 ಮಿ.ಮೀ. ಅಗಲದ, ಗಾಳಿಯನ್ನು ಅರ್ಧ ಬಿಗಿ ಹಿಡಿದ ಆರ್‌ಟಿಎ. 25 ವ್ಯಾಟ್ ಸುತ್ತಮುತ್ತ ದಟ್ಟವಾದ, ಬೆಚ್ಚಗಿನ ಆವಿ ಬರುತ್ತದೆ, ದ್ರವವೂ ಉಳಿಯುತ್ತದೆ. ಹೊಸ ಆಟಮೈಸರ್ ಆದರೆ ಪೂರ್ತಿ ಬಿಚ್ಚಿ, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿಯೇ ಕೆಲಸ ಶುರು. ಲೇತ್ ಯಂತ್ರದ ಎಣ್ಣೆ ಥ್ರೆಡ್ಡುಗಳಲ್ಲಿ ಉಳಿದಿರುತ್ತದೆ, ಅದು ಶ್ವಾಸಕೋಶಕ್ಕೆ ಹೋಗಬಾರದು.

ತಂತಿಗೆ ನಾನು ನೆಚ್ಚಿಕೊಂಡಿರುವುದು ನಿಕ್ರೋಮ್ 80 (ನಿಕ್ಕಲ್-ಕ್ರೋಮಿಯಂ ಮಿಶ್ರಲೋಹ), 24 ಗೇಜ್, ಅಂದರೆ ಸುಮಾರು 0.51 ಮಿ.ಮೀ. ದಪ್ಪ. 3 ಮಿ.ಮೀ. ಕಡ್ಡಿಯ ಮೇಲೆ ಆರು ಸುತ್ತು. ಕಾಲುಗಳೂ ಸೇರಿ ಸುಮಾರು 8 ಸೆಂ.ಮೀ. ತಂತಿ ಬೇಕು, ರೆಸಿಸ್ಟೆನ್ಸ್ 0.4 ಓಮ್ ಆಸುಪಾಸು ಬರುತ್ತದೆ. ಅದೇ ಅಳತೆಗೆ ಕಾಂತಲ್ (ನಿಕ್ಕಲ್ ಇಲ್ಲದ ಕಬ್ಬಿಣ-ಕ್ರೋಮಿಯಂ-ಅಲ್ಯುಮಿನಿಯಂ ಮಿಶ್ರಲೋಹ) ಹಾಕಿದರೆ 0.55ರ ಮೇಲೆ ಹೋಗುತ್ತದೆ. ಕಾಂತಲ್ ಕೆಟ್ಟದ್ದೇನಲ್ಲ, ಬಾಳಿಕೆ ಹೆಚ್ಚು, ನಿಕ್ಕಲ್ ಅಲರ್ಜಿ ಇದ್ದವರಿಗೆ ಅದೇ ಸರಿ. ಆದರೆ ನಿಕ್ರೋಮ್ ಬೇಗ ಕಾಯುತ್ತದೆ, ಬಟನ್ ಒತ್ತಿದ ಕ್ಷಣಕ್ಕೇ ಆವಿ ಸಿಗುತ್ತದೆ.

ಓಮ್ ಸಂಖ್ಯೆಗೆ ಜನ ಕೊಡುವ ಮಹತ್ವ ನನಗೆ ಒಪ್ಪಿಗೆಯಿಲ್ಲ. ರೆಗ್ಯುಲೇಟೆಡ್ ಮಾಡ್‌ನಲ್ಲಿ, ಅಂದರೆ ಬ್ಯಾಟರಿ ಮತ್ತು ನಿಯಂತ್ರಣ ಸರ್ಕ್ಯೂಟ್ ಇರುವ ಹಿಡಿಭಾಗದಲ್ಲಿ, ವೋಲ್ಟೇಜನ್ನು ಸರ್ಕ್ಯೂಟೇ ಹೊಂದಿಸಿಕೊಳ್ಳುತ್ತದೆ. ಅಲ್ಲಿ ಆವಿಯನ್ನು ನಿರ್ಧರಿಸುವುದು ತಂತಿಯ ಹೊರಮೈಯ ವಿಸ್ತೀರ್ಣ ಮತ್ತು ಆ ಮೈಯ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಶಾಖ. ಮೇಲಿನ ಕಾಯಿಲಿನ ಸುತ್ತುಗಳ ಮೈ ಸುಮಾರು 110 ಚದರ ಮಿ.ಮೀ. 25 ವ್ಯಾಟನ್ನು ಅದರಿಂದ ಭಾಗಿಸಿದರೆ ಚದರ ಮಿ.ಮೀ.ಗೆ 225 ಮಿಲಿವ್ಯಾಟಿನಷ್ಟು. 150ಕ್ಕಿಂತ ಕೆಳಗೆ ಆವಿ ತಣ್ಣಗೆ, ತೆಳ್ಳಗೆ. 250 ದಾಟಿದರೆ ಹತ್ತಿ ಪೂರೈಸುವ ವೇಗಕ್ಕೂ ಕಾಯಿಲ್ ಕೇಳುವ ವೇಗಕ್ಕೂ ಹೊಂದಿಕೆ ತಪ್ಪಲು ಶುರು. 26 ಗೇಜ್ ತಂತಿಯಲ್ಲಿ ಮೈ ಕಡಿಮೆ, ಹಾಗಾಗಿ 17ರಿಂದ 20 ವ್ಯಾಟಿಗೇ ಅದೇ ಹದ ಸಿಗುತ್ತದೆ. ಕ್ಲಾಪ್ಟನ್ ತಂತಿಯಲ್ಲಿ (ಒಂದು ತಂತಿಯ ಮೇಲೆ ಇನ್ನೊಂದು ತೆಳು ತಂತಿ ಸುತ್ತಿದ್ದು) ಮೈ ಜಾಸ್ತಿ, ಸಂದುಗಳಲ್ಲಿ ದ್ರವ ನಿಲ್ಲುವುದರಿಂದ ರುಚಿಯೂ ತುಂಬಿ ಬರುತ್ತದೆ, ಆದರೆ ಲೋಹದ ರಾಶಿ ಹೆಚ್ಚಾದ್ದರಿಂದ ಕಾಯಲು ಒಂದು ಗಳಿಗೆ ತಡ, ಬ್ಯಾಟರಿಯೂ ಬೇಗ ಇಳಿಯುತ್ತದೆ. 2 ಮಿ.ಲೀ. ಟ್ಯಾಂಕಿಗೆ ಸಾದಾ ತಂತಿಯೇ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಕಾಯಿಲನ್ನು ಡೆಕ್‌ಗೆ (ಆಟಮೈಸರಿನ ತಳದ ಕಟ್ಟೆ) ಕೂರಿಸುವಾಗ ಕಡ್ಡಿ ತೆಗೆಯಬಾರದು. ತಂತಿಯ ಕಾಲುಗಳನ್ನು ಪೋಸ್ಟಿನ (ತಂತಿ ಹಿಡಿಯುವ ಚಿಕ್ಕ ಕಂಬ) ರಂಧ್ರಕ್ಕೆ ಹಾಕಿ ಸ್ಕ್ರೂ ಬಿಗಿ ಮಾಡಿದ ಮೇಲೆ ಅದೇ ಕಡ್ಡಿಯಿಂದ ಕಾಯಿಲನ್ನು ಮಟ್ಟಸ ಮಾಡಬಹುದು. ಗಾಳಿ ಕೆಳಗಿನಿಂದ ಬರುವ ಡೆಕ್ ಆದರೆ ಗಾಳಿರಂಧ್ರಕ್ಕೂ ಕಾಯಿಲಿನ ತಳಕ್ಕೂ ಒಂದೂವರೆಯಿಂದ ಎರಡು ಮಿ.ಮೀ. ಅಂತರವಿರಲಿ. ತೀರಾ ಹತ್ತಿರವಾದರೆ ರಂಧ್ರಕ್ಕೆ ದ್ರವ ತೊಟ್ಟಿಕ್ಕುತ್ತದೆ, ದೂರವಾದರೆ ಗಾಳಿ ಕಾಯಿಲನ್ನು ಸವರದೆ ಪಕ್ಕದಿಂದ ಜಾರಿಹೋಗಿ ರುಚಿಯೇ ಇರುವುದಿಲ್ಲ. ಕಾಲುಗಳ ತುದಿಯನ್ನು ಪೋಸ್ಟಿಗೆ ಒತ್ತಿ ಕತ್ತರಿಸಿ. ಅರ್ಧ ಮಿ.ಮೀ. ತಂತಿ ಹೊರಗೆ ಚಾಚಿ, ಕಾಯಿಲನ್ನು ಸುತ್ತುವರಿದ ಚೇಂಬರಿನ ಗೋಡೆಗೆ ತಾಗಿದರೂ ಶಾರ್ಟ್ ಆಗುತ್ತದೆ.

ಆಮೇಲೆ 12 ವ್ಯಾಟಿನಲ್ಲಿ ಚಿಕ್ಕ ಚಿಕ್ಕ ಒತ್ತು. ಕಾಯಿಲ್ ನಡುವಿನಿಂದ ಮಂದ ಕೆಂಪಾಗಿ ಎರಡೂ ಬದಿಗೆ ಸಮನಾಗಿ ಹರಡಬೇಕು. ಒಂದು ಸುತ್ತು ಮಾತ್ರ ಮೊದಲೇ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅದು ಹಾಟ್‌ಸ್ಪಾಟ್. ಬಟನ್ ಬಿಟ್ಟು, ಸೆರಾಮಿಕ್ ಚಿಮಟದ ತುದಿಯಿಂದ ಸುತ್ತುಗಳ ಮೇಲೆ ತಂಬೂರಿ ಮೀಟಿದಂತೆ ಹಗುರವಾಗಿ ಎಳೆದು, ಮೆಲ್ಲಗೆ ಅಮುಕಿ, ಮತ್ತೆ ಒತ್ತಿ ನೋಡಿ. ಎರಡು ಮೂರು ಸಲಕ್ಕೆ ಸರಿಹೋಗುತ್ತದೆ. ಕಾಲಿನ ಹತ್ತಿರವೇ ಮೊದಲು ಕೆಂಪಾಗುತ್ತಿದ್ದರೆ ಸ್ಕ್ರೂ ಸಡಿಲ ಇದೆಯೆಂದು ಅರ್ಥ. ಈ ಒಣ ಕಾಯಿಸುವಿಕೆ ಕಾಂತಲ್‌ಗೂ ನಿಕ್ರೋಮ್‌ಗೂ ಸರಿ. ಟೈಟೇನಿಯಂ ಮತ್ತು ಶುದ್ಧ ನಿಕ್ಕಲ್ ತಂತಿಯನ್ನು ಮಾತ್ರ ಹೀಗೆ ಕೆಂಪಾಗಿಸಲೇಬಾರದು.

ಈಗ ಹತ್ತಿ. ಬ್ಲೀಚ್ ಮಾಡದ ಜಪಾನಿ ಹತ್ತಿಯ ಹಾಳೆಯಾಗಲಿ, ವೇಪಿಂಗ್‌ಗೆಂದೇ ಬರುವ ಎಳೆಗಳಾಗಲಿ, ಯಾವುದಾದರೂ ಆದೀತು. ಹಾಳೆಯಾದರೆ ಮೇಲಿನ ಕೆಳಗಿನ ಗಟ್ಟಿ ಪದರ ಸುಲಿದು, ಒಳಗಿನ ಮೆತ್ತನೆ ಭಾಗವನ್ನು ಎಳೆಗಳ ಉದ್ದಕ್ಕೆ ಪಟ್ಟಿ ಕತ್ತರಿಸಿ. ಅಡ್ಡಕ್ಕೆ ಕತ್ತರಿಸಿದರೆ ದ್ರವ ಎಳೆಗಳಗುಂಟ ಓಡದೆ ತಡೆದು ನಿಲ್ಲುತ್ತದೆ. ಒಂದು ತುದಿಯನ್ನು ಹೊಸೆದು ಕಾಯಿಲಿನೊಳಗೆ ತೂರಿಸಿ ಎಳೆಯಿರಿ. ಹತ್ತಿ ಸರಿಯುವಾಗ ಬೆರಳಿಗೆ ಹಿಡಿತ ಗೊತ್ತಾಗಬೇಕು, ಆದರೆ ಕಾಯಿಲ್ ಜಾಗ ಬಿಟ್ಟು ಅಲುಗಾಡಬಾರದು. ಕಾಯಿಲ್ ಓರೆಯಾಗುವಷ್ಟು ಬಿಗಿಯಾದರೆ ಎರಡು ಎಳೆ ತೆಗೆಯಿರಿ. ತಡೆಯೇ ಇಲ್ಲದೆ ಜಾರಿದರೆ ಸುತ್ತಿನ ಒಳಮೈಗೆ ಹತ್ತಿ ತಾಗುತ್ತಿಲ್ಲ ಎಂದರ್ಥ, ಆ ಜಾಗ ಒಣಗಿ ಸೀಯುತ್ತದೆ. ಮುಖ್ಯವಾದ ಮಾತು: ಹತ್ತಿ ನೆನೆದ ಮೇಲೆ ಉಬ್ಬುತ್ತದೆ. ಒಣಗಿದ್ದಾಗ ‘ಇನ್ನೂ ಸ್ವಲ್ಪ ಹಿಡಿಯುತ್ತದೆ’ ಅನ್ನಿಸಿದ ಹಂತದಲ್ಲೇ ನಿಲ್ಲಿಸಬೇಕು.

ತುದಿಗಳ ಉದ್ದ ಆಟಮೈಸರಿನಿಂದ ಆಟಮೈಸರಿಗೆ ಬದಲಾಗುತ್ತದೆ. ನಾನು ಡೆಕ್‌ನ ಹೊರ ಅಂಚಿಗೆ ಸರಿಯಾಗಿ ಕತ್ತರಿಸಿ ಶುರುಮಾಡುತ್ತೇನೆ. ಕತ್ತರಿ ಓರೆಯಾಗಿ ಹಿಡಿದು, ತುದಿಯ ಒಳಭಾಗದಿಂದ ಮೂರನೇ ಒಂದರಷ್ಟು ಹತ್ತಿ ಕಡಿಮೆ ಮಾಡಿ, ಉಳಿದದ್ದನ್ನು ಸಣ್ಣ ಬಾಚಣಿಗೆಯಿಂದ ಬಿಡಿಸುತ್ತೇನೆ. ಕಾಯಿಲಿನೊಳಗೆ ಹತ್ತಿ ದಟ್ಟ, ಹೊರಗೆ ಬಿಡಿಬಿಡಿ. ಆಮೇಲೆ ತುದಿಗಳು ದ್ರವ ಬರುವ ಕಿಂಡಿಯ ಬಾಯಿಯನ್ನು ಮುಚ್ಚುವಂತೆ ಇಳಿಬಿಡಬೇಕು. ಕಿಂಡಿಯೊಳಗೆ ತುರುಕಿದರೆ ದ್ರವದ ದಾರಿ ಕಟ್ಟುತ್ತದೆ, ಬಾಯಿಯ ಒಂದು ಮೂಲೆ ತೆರೆದಿದ್ದರೂ ಅಲ್ಲಿಂದ ಚೇಂಬರ್ ತುಂಬಿ ಗಾಳಿರಂಧ್ರದಲ್ಲಿ ಸೋರುತ್ತದೆ. ಕಾಯಿಲಿನ ಮೇಲೂ ತುದಿಗಳ ಮೇಲೂ ದ್ರವ ತೊಟ್ಟಿಕ್ಕಿಸಿ, ಬಿಳಿ ಹತ್ತಿ ಪೂರ್ತಿ ಪಾರದರ್ಶಕವಾಗುವ ತನಕ ಕಾಯಿರಿ. ಮಧ್ಯೆ ಎಲ್ಲಾದರೂ ಬೆಳ್ಳಗೆ ಉಳಿದಿದ್ದರೆ ಟ್ಯಾಂಕ್ ಮುಚ್ಚುವ ಆತುರ ಬೇಡ.

ಬತ್ತಿ ಸರಿಯಿದೆಯೋ ಇಲ್ಲವೋ ತಿಳಿಯಲು ಟ್ಯಾಂಕ್ ತುಂಬಿ ಐದು ದಮ್ ಬೆನ್ನು ಬೆನ್ನಿಗೆ ಎಳೆಯಿರಿ. ಐದನೆಯದು ಮೊದಲಿನದರಷ್ಟೇ ದಟ್ಟವಾಗಿ, ಪ್ರತಿ ದಮ್ಮಿನ ನಂತರ ಟ್ಯಾಂಕಿನೊಳಗೆ ಗುಳ್ಳೆಗಳೆದ್ದರೆ ದ್ರವ ಹರಿಯುತ್ತಿದೆ. ಗುಳ್ಳೆಯೇ ಬರದೆ ರುಚಿ ಇಳಿಯುತ್ತ ಹೋದರೆ ತುದಿಯ ಹತ್ತಿ ಜಾಸ್ತಿ. ಸೀದ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಒಣಗಿದ ಬತ್ತಿಯ ಮೇಲೆ ಕಾಯಿಲ್ ಅತಿಯಾಗಿ ಕಾದಾಗ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷ ಹುಟ್ಟುತ್ತದೆ. ಸುಟ್ಟ ಹತ್ತಿ ಮತ್ತೆ ನೆನೆಸಿದರೆ ಸರಿಹೋಗುವುದಿಲ್ಲ, ಬದಲಿಸಲೇಬೇಕು. ಗೊರಗೊರ ಸದ್ದು, ಬಾಯಿಗೆ ಬಿಸಿ ಹನಿ ಚಿಮ್ಮುವುದು ಇದಕ್ಕೆ ತದ್ವಿರುದ್ಧ: ಚೇಂಬರಿನಲ್ಲಿ ದ್ರವ ನಿಂತಿದೆ. ಟ್ಯಾಂಕ್ ತಲೆಕೆಳಗು ಹಿಡಿದು ಟಿಶ್ಯೂ ಮೇಲೆ ಕೊಡವಿ, ಮತ್ತೂ ಬಂದರೆ ಹತ್ತಿ ಸ್ವಲ್ಪ ಹೆಚ್ಚಿಸಿ. ತುಂಬುವಾಗ ಗಾಳಿಕಿಂಡಿ ಮುಚ್ಚಿ, ಮುಚ್ಚಳ ಹಾಕಿದ ಮೇಲೆ ಆಟಮೈಸರನ್ನು ತಲೆಕೆಳಗು ಮಾಡಿ ಕಿಂಡಿ ತೆರೆಯುವ ಅಭ್ಯಾಸ ಇಟ್ಟುಕೊಂಡರೆ ಅರ್ಧ ಸೋರಿಕೆ ಅಲ್ಲೇ ನಿಲ್ಲುತ್ತದೆ. ಮುಚ್ಚಳ ತಿರುಗಿಸುವಾಗ ಒತ್ತಡಕ್ಕೆ ಸಿಕ್ಕ ಗಾಳಿಯೇ ದ್ರವವನ್ನು ಹತ್ತಿಯ ಮೂಲಕ ಹೊರಗೆ ತಳ್ಳುವುದು.

ದ್ರವದಲ್ಲಿ ವಿಜಿ ಅಂದರೆ ಸಸ್ಯಜನ್ಯ ಗ್ಲಿಸರಿನ್, ಪಿಜಿ ಅಂದರೆ ಪ್ರೊಪಿಲೀನ್ ಗ್ಲೈಕಾಲ್. ದಟ್ಟ ಬಿಳಿ ಆವಿ ವಿಜಿಯದ್ದು, ರುಚಿ ಹೊತ್ತು ತರುವುದು, ಗಂಟಲಿಗೆ ತಾಗುವುದು ಪಿಜಿ. ನಾನು ಕಟ್ಟುವ ಬಗೆಗೆ 70 ವಿಜಿ, 30 ಪಿಜಿ ಒಳ್ಳೆಯ ಹದ. ಬ್ರಿಟನ್ನಿನಲ್ಲಿ ಸಿಗುವ ಶಾರ್ಟ್‌ಫಿಲ್ ಬಾಟಲಿಯಲ್ಲಿ ನಿಕೋಟಿನ್ ಇಲ್ಲದ 50 ಮಿ.ಲೀ. ದ್ರವವಿರುತ್ತದೆ, 18 ಮಿ.ಗ್ರಾಂ. ಬಲದ 10 ಮಿ.ಲೀ. ನಿಕೋಟಿನ್ ಶಾಟ್ ಸೇರಿಸಿದರೆ 60 ಮಿ.ಲೀ.ಗೆ 3 ಮಿ.ಗ್ರಾಂ. ಬಲ. ಆ ಶಾಟ್ 50-50 ಆಗಿದ್ದರೆ ಇಡೀ ಬಾಟಲಿ ಸುಮಾರು 67-33 ಆಗಿ ತುಸು ತೆಳುವಾಗುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಶಾಟ್ ಕೈಗೆ ಚೆಲ್ಲಿದರೆ ತಕ್ಷಣ ತೊಳೆಯಬೇಕು, ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಹೋಗುತ್ತದೆ. ಮಕ್ಕಳ ಕೈಗೆ ಬಾಟಲಿ ಸಿಗಲೇಬಾರದು. ಅಡುಗೆ ಎಸೆನ್ಸ್, ಎಣ್ಣೆ ಆಧಾರಿತ ಸುವಾಸನೆ ಯಾವುದನ್ನೂ ಸೇರಿಸಬೇಡಿ. ಎಣ್ಣೆ ಶ್ವಾಸಕೋಶದಲ್ಲಿ ಕೂತರೆ ಹಾನಿ ದೊಡ್ಡದು.

ಚಳಿಗಾಲದಲ್ಲಿ ‘ಇದ್ದಕ್ಕಿದ್ದಂತೆ ಕಾಯಿಲ್ ಕೆಟ್ಟಿತು’ ಎನ್ನುವ ದೂರು ಹೆಚ್ಚುತ್ತದೆ. ಕೆಟ್ಟಿರುವುದಿಲ್ಲ. ಶುದ್ಧ ಗ್ಲಿಸರಿನ್ 20 ಡಿಗ್ರಿಯಿಂದ 10 ಡಿಗ್ರಿಗೆ ತಣಿದರೆ ಅದರ ಮಂದತನ ಎರಡೂವರೆ ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ದ್ರವ ಹತ್ತಿಯನ್ನು ಏರಲು ಒದ್ದಾಡುತ್ತದೆ. ಆ ತಿಂಗಳುಗಳಲ್ಲಿ 60-40ಕ್ಕೆ ಇಳಿಯುವುದು, ದಮ್ಮುಗಳ ನಡುವೆ ಅಂತರ ಕೊಡುವುದು, ಸಾಧನವನ್ನು ಕೋಟಿನ ಒಳಜೇಬಿನಲ್ಲಿಡುವುದು ಇಷ್ಟೇ ಪರಿಹಾರ. ಕಾಯಿಲ್ ಬೇಗ ಕಪ್ಪಾಗುವುದಕ್ಕೆ ಮುಖ್ಯ ಕಾರಣ ಸುಕ್ರಲೋಸ್ ಎಂಬ ಕೃತಕ ಸಿಹಿ. ಅತಿ ಸಿಹಿಯಾದ ದ್ರವ ಎರಡು ಮೂರು ಟ್ಯಾಂಕಿಗೇ ಕರಿ ಹೆಪ್ಪು ಕಟ್ಟಿಸುತ್ತದೆ, ಸಿಹಿ ಸೇರಿಸದ ತಂಬಾಕು ಅಥವಾ ಪುದೀನ ರುಚಿಯಲ್ಲಿ ಅದೇ ಕಾಯಿಲ್ ಬಹುಕಾಲ ಬಾಳುತ್ತದೆ. ಕರಿ ಹಿಡಿದರೆ ಹತ್ತಿ ಕಿತ್ತು, ಒಣ ಕಾಯಿಸಿ, ತಣಿದ ಮೇಲೆ ನೀರಿನಡಿ ಬ್ರಷ್‌ನಿಂದ ಉಜ್ಜಿ ಹೊಸ ಬತ್ತಿ ಹಾಕಿ.

ಗಾಳಿಯ ವಿಷಯ ಚಿಕ್ಕದು. ಕಿಂಡಿ ಪೂರ್ತಿ ತೆರೆದರೆ ಮೋಡ ದೊಡ್ಡದು, ಆದರೆ ತಣ್ಣಗಿದ್ದು ರುಚಿ ಚದುರುತ್ತದೆ. ಅರ್ಧ ಮುಚ್ಚಿದರೆ ಆವಿ ಬೆಚ್ಚಗೆ, ಒತ್ತಾಗಿ ಬರುತ್ತದೆ. ಮುಚ್ಚಿದಷ್ಟೂ ವ್ಯಾಟ್ ಇಳಿಸಬೇಕು, ಕಾಯಿಲನ್ನು ತಣಿಸುವುದರಲ್ಲಿ ಗಾಳಿಯ ಪಾಲೂ ಇದೆ. ಮೂರು ನಾಲ್ಕು ಸೆಕೆಂಡು ನಿಧಾನಕ್ಕೆ ಎಳೆಯಿರಿ. ಸಿಗರೇಟಿನಂತೆ ಚುರುಕಾಗಿ ಹೀರಿದರೆ ದ್ರವ ಹಸಿಯಾಗಿಯೇ ಬಾಯಿಗೆ ಬರುತ್ತದೆ. ಇಷ್ಟೆಲ್ಲ ಸರಿಯಾದ ಮೇಲೆ 20ರಿಂದ ಒಂದೊಂದೇ ವ್ಯಾಟ್ ಏರಿಸುತ್ತ ಹೋಗಿ, ರುಚಿ ಒರಟಾದ ಕಡೆಯಿಂದ ಎರಡು ಇಳಿಸಿ ನಿಲ್ಲಿಸಿ.

ತಾಪಮಾನ ನಿಯಂತ್ರಣ ಬೇಕೆನ್ನುವವರು 316ಎಲ್ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹಾಕಿ, ಟಿಸಿಆರ್ (ಬಿಸಿಯಾದಂತೆ ತಂತಿಯ ರೆಸಿಸ್ಟೆನ್ಸ್ ಏರುವ ದರ) 0.00092 ಕೊಟ್ಟು, ಕಾಯಿಲ್ ಕೋಣೆಯ ಉಷ್ಣತೆಯಲ್ಲಿ ಇರುವಾಗಲೇ ರೆಸಿಸ್ಟೆನ್ಸ್ ಲಾಕ್ ಮಾಡಬೇಕು. ಬಿಸಿ ಕಾಯಿಲನ್ನು ಲಾಕ್ ಮಾಡಿದರೆ ಎಲ್ಲ ಲೆಕ್ಕವೂ ಮೇಲಕ್ಕೆ ಸರಿದು ಹತ್ತಿ ಸುಡುತ್ತದೆ. 220 ಡಿಗ್ರಿಯಿಂದ ಶುರುಮಾಡಿ ನಿಮ್ಮ ಬಾಯಿಗೆ ಒಪ್ಪುವಂತೆ ಹೊಂದಿಸಿಕೊಳ್ಳಿ.

ಪರದೆಯ ಮೇಲೆ ಓಮ್ ಸಂಖ್ಯೆ ಕುಣಿಯುತ್ತಿದ್ದರೆ ಸ್ಕ್ರೂ ಸಡಿಲ ಅಥವಾ ಆಟಮೈಸರನ್ನು ಮಾಡ್‌ಗೆ ಜೋಡಿಸುವ 510 ಪಿನ್ನಿನ ತುದಿಯಲ್ಲಿ ದ್ರವದ ಜಿಡ್ಡು. ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಕಡ್ಡಿಯಿಂದ ಒರೆಸಿ ನೋಡಿ. ಬ್ಯಾಟರಿ ವಿಷಯದಲ್ಲಿ ರಾಜಿ ಬೇಡ. 30 ವ್ಯಾಟಿಗೆ, ಬ್ಯಾಟರಿ 3.2 ವೋಲ್ಟಿಗೆ ಇಳಿದಿದ್ದಾಗ, ಸರ್ಕ್ಯೂಟಿನ ನಷ್ಟವೂ ಸೇರಿ ಹತ್ತು ಆಂಪಿಯರಿಗಿಂತ ತುಸು ಹೆಚ್ಚು ಎಳೆತವಿರುತ್ತದೆ. ನಿರಂತರ 20 ಆಂಪಿಯರ್ ಕೊಡುವ ಸ್ಯಾಮ್‌ಸಂಗ್ 25ಆರ್, ಅದಕ್ಕಿಂತ ಹೆಚ್ಚು ಕೊಡುವ ಮೋಲಿಸೆಲ್ ಪಿ26ಎ ಈ ಕೆಲಸಕ್ಕೆ ಧಾರಾಳ. 18650 ಅಳತೆಯಲ್ಲಿ (18 ಮಿ.ಮೀ. ಅಗಲ, 65 ಮಿ.ಮೀ. ಉದ್ದ) 5000 ಎಂಎಎಚ್ ಎಂದು ಬರೆದ ಅಗ್ಗದ ಬ್ಯಾಟರಿ ಕಂಡರೆ ಅದು ಸುಳ್ಳು ಲೇಬಲ್, ಮುಟ್ಟಬೇಡಿ. ಧನ ಧ್ರುವದ ಸುತ್ತಲಿನ ಬಿಳಿ ಉಂಗುರ ಹಾಳಾಗಿದ್ದರೆ, ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿದ್ದರೆ ಹೊಸ ಉಂಗುರ, ಹೊಸ ಸಿಪ್ಪೆ ಹಾಕುವ ತನಕ ಆ ಬ್ಯಾಟರಿ ಬಳಸಕೂಡದು. ಬಿಡಿ ಬ್ಯಾಟರಿಯನ್ನು ಕೀಲಿ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ. ರಕ್ಷಣಾ ಸರ್ಕ್ಯೂಟ್ ಇಲ್ಲದ ಮೆಕ್ಯಾನಿಕಲ್ ಮಾಡ್ ನಾನು ಯಾರಿಗೂ ಹೇಳುವುದಿಲ್ಲ.

ಊರಿಗೆ ಹೊರಟಾಗ ಇದ್ಯಾವುದೂ ಸೂಟ್‌ಕೇಸಿಗೆ ಹೋಗಬಾರದು. ಭಾರತಕ್ಕೆ ತರುವುದೇ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೊರಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಹತ್ತಿ ಕಿತ್ತೆಸೆದು, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡಿ. ಬಂದ ಮೇಲೆ ಹೊಸ ಬತ್ತಿ ಹಾಕಲು ಹತ್ತು ನಿಮಿಷ ಸಾಕು.