ಬೇಸ್‌ಮೆಂಟ್‌ನಲ್ಲಿ ಹಾಸಿಗೆ ಹಾಸುವ ಮೊದಲು

ಅಮೆರಿಕದಿಂದ ರಜಕ್ಕೆ ಮೈಸೂರಿಗೆ ಬಂದಿದ್ದೇನೆ. ಮಂಡ್ಯದ ಚಿಕ್ಕಮ್ಮನ ಮಗ ಮುಂದಿನ ತಿಂಗಳು ಅಮೆರಿಕಕ್ಕೆ ಹೊರಟಿದ್ದಾನೆ. ‘ಅಣ್ಣಾ, ಒಂದು ಬೇಸ್‌ಮೆಂಟ್ ರೂಮ್ ಸಿಕ್ಕಿದೆ, ಬಾಡಿಗೆ ಕಮ್ಮಿ. ತಗೊಳ್ಲಾ?’ ಅಂದ. ‘ಕಿಟಕಿ ಎಷ್ಟು ದೊಡ್ಡದು?’ ಅಂತ ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಹೊಸದಾಗಿ ಹೊರಟ ನಿಮಗೂ ಇದನ್ನು ಯಾರೂ ಹೇಳಿರಲಿಕ್ಕಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ನೆಲಮಾಳಿಗೆಯಲ್ಲಿ ಮಲಗುವ ರೂಢಿ ಇಲ್ಲ. ಅಲ್ಲಿ ಬೇಸ್‌ಮೆಂಟ್‌ಗೆ ಗೋಡೆ, ಕಾರ್ಪೆಟ್ ಹಾಕಿ ರೂಮು ಮಾಡಿರುತ್ತಾರೆ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಮೇಲೆ ಬರಲು ಎಷ್ಟೋ ಮನೆಗಳಲ್ಲಿ ಒಂದೇ ಮೆಟ್ಟಿಲು. ಬೆಂಕಿ ಹತ್ತಿದರೆ ಬಿಸಿ ಹೊಗೆ ಏರುವುದೂ ಅದೇ ದಾರಿಯಲ್ಲಿ. ಹಾಗಾಗಿ ಮಲಗುವ ಕೋಣೆಗೆ ನೇರವಾಗಿ ಹೊರಗೆ ಹೋಗುವ ಎರಡನೇ ದಾರಿ ಬೇಕೇ ಬೇಕು. ಅದೇ ಎಗ್ರೆಸ್ ಕಿಟಕಿ.

ಅಮೆರಿಕದ ಬಹಳಷ್ಟು ಊರುಗಳ ನಿಯಮ ಹೀಗಿದೆ: ಪೂರ್ತಿ ತೆರೆದಾಗ ಸಿಗುವ ಜಾಗ ಕನಿಷ್ಠ 20 ಇಂಚು ಅಗಲ, 24 ಇಂಚು ಎತ್ತರ, ಒಟ್ಟು 5.7 ಚದರ ಅಡಿ ಇರಬೇಕು. ಜನ ಎಡವುವುದು ಇಲ್ಲೇ. 20 ಇಂಟು 24 ಅಂದರೆ 3.3 ಚದರ ಅಡಿ ಅಷ್ಟೇ! ಅಗಲ 20 ಇಂಚಾದರೆ ಎತ್ತರ ಸುಮಾರು 41 ಇಂಚು ಬೇಕು. ಕೆಲವು ಕಡೆ 5 ಚದರ ಅಡಿ ಸಾಕು, ನಿಮ್ಮ ಊರಿನ ಬಿಲ್ಡಿಂಗ್ ಇಲಾಖೆಯನ್ನು ಕೇಳಿ. ಇಷ್ಟು ಜಾಗ ಯಾಕೆಂದರೆ, ಬೆನ್ನಿಗೆ ಉಸಿರಾಟದ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಅಗ್ನಿಶಾಮಕದವರು ಅದರಲ್ಲೇ ಒಳಗೆ ಬರಬೇಕಾಗಬಹುದು.

ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚು ಮೀರಬಾರದು. ಚಿಕ್ಕಮ್ಮನ ಮಗನಿಗೆ ತೋರಿಸಲು ಹಿತ್ತಿಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅಮ್ಮ ಬಂದು ಪಕ್ಕದಲ್ಲಿ ನಿಂತರು. ಗೆರೆ ಅವರ ಎದೆಮಟ್ಟಕ್ಕೆ ಬಂತು. ‘ಈ ಮಂಡಿನೋವಲ್ಲಿ ಇದನ್ನ ಹತ್ತೋದು ಹೆಂಗಪ್ಪಾ?’ ಅಂದರು. ಹೋದ ಸಲ ಅಮೆರಿಕಕ್ಕೆ ಬಂದಾಗ ಅವರನ್ನು ನಾನು ಕೆಳಗಿನ ರೂಮಲ್ಲೇ ಮಲಗಿಸಿದ್ದೆ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ವಯಸ್ಸಾದವರಿಗೆ ಮೇಲಿನ ರೂಮು ಬಿಟ್ಟುಕೊಡಿ, ಕೆಳಗೆ ನೀವು ಮಲಗಿ.

ನನ್ನ ಮೊದಲ ಬಾಡಿಗೆ ರೂಮಿನ ಕಿಟಕಿ ಅಳತೆಗೆ ಸರಿಯಾಗಿಯೇ ಇತ್ತು. ಆದರೆ ಬಣ್ಣ ಬಳಿದು ಬಳಿದು ಅಂಟಿಕೊಂಡಿತ್ತು. ಎರಡು ಕೈಯಲ್ಲಿ ಎಳೆದರೂ ಅಲುಗಲಿಲ್ಲ. ಅದಕ್ಕೇ ಅಡ್ವಾನ್ಸ್ ಕೊಡುವ ಮೊದಲೇ ನೀವೇ ತೆರೆದು, ಹತ್ತಿ, ಹೊರಗೆ ಬಂದು ನೋಡಿ. ಸರಳು ಇದ್ದರೆ ಕೀಲಿ, ಸ್ಪ್ಯಾನರ್ ಇಲ್ಲದೆ ಒಳಗಿನಿಂದ ಬಿಚ್ಚಲು ಬರಬೇಕು. ಕಿಟಕಿ ಹೊರಗಿನ ನೆಲಕ್ಕಿಂತ ಕೆಳಗಿದ್ದರೆ ಅದರ ಮುಂದೆ ಗುಂಡಿ ತೋಡಿರುತ್ತಾರೆ; ಅದು 44 ಇಂಚಿಗಿಂತ ಆಳವಿದ್ದರೆ ಏಣಿ ಇರಬೇಕು. ಚಳಿಗಾಲದಲ್ಲಿ ಆ ಗುಂಡಿಯ ಹಿಮ ತೆಗೆಯುತ್ತಿರಿ.

ಸ್ಮೋಕ್ ಅಲಾರಂ ಪ್ರತಿ ಮಲಗುವ ಕೋಣೆಯಲ್ಲೂ, ಕೋಣೆಯ ಹೊರಗೂ, ಬೇಸ್‌ಮೆಂಟ್ ಸೇರಿ ಪ್ರತಿ ಮಹಡಿಯಲ್ಲೂ ಇರಲಿ. 10 ವರ್ಷ ಆದರೆ ಬದಲಾಯಿಸಿ. ಒಗ್ಗರಣೆ ಹೊಗೆಗೆ ಕೂಗುತ್ತದೆ ಅಂತ ಸುಮ್ನೆ ಬ್ಯಾಟರಿ ತೆಗೆದಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ. ಫರ್ನೇಸ್, ಅಂದರೆ ಮನೆ ಬೆಚ್ಚಗಿಡುವ ಯಂತ್ರ, ಕೆಳಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬೇಕು, ಆ ವಿಷಗಾಳಿಗೆ ವಾಸನೆಯೇ ಇಲ್ಲ. ಫರ್ನೇಸ್ ಸುತ್ತ 3 ಅಡಿ ಖಾಲಿ ಬಿಡಿ. ಊರಿಂದ ತಂದ ಸೂಟ್‌ಕೇಸ್, ರಟ್ಟಿನ ಡಬ್ಬ ಎಲ್ಲ ಅಲ್ಲೇ ಪೇರಿಸುತ್ತೇವೆ, ಅಲ್ವಾ?

ಅಪ್ಪ ಅಮ್ಮ ಬಂದಾಗ ಮನೆ ವಿಳಾಸವನ್ನು ಕನ್ನಡದಲ್ಲೇ ದೊಡ್ಡದಾಗಿ ಬರೆದು ಫೋನಿನ ಪಕ್ಕ ಅಂಟಿಸಿ, ಕೆಳಗೆ ಅಲ್ಲಿನ ತುರ್ತು ನಂಬರ್ 911 ಅಂತ ಬರೆಯಿರಿ. ಅವರಿಗೆ ಗೊತ್ತಿರುವುದು ನಮ್ಮ 101.